ಮೊದಲ ಸಲ ಚೆನ್ನಾಗೇ ಇರುತ್ತದೆ ಅಂತ ಮಕ್ಕಳಿಗೆ ಹೇಳಿಬಿಡಿ

ಮಂಡ್ಯ ಮತ್ತು ಮೈಸೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಮಂಡ್ಯದವನು. ಪಿಯು ಕಾಲೇಜಿನಲ್ಲಿ 31 ವರ್ಷ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಒಂದೇ ಪತ್ರವನ್ನು ಎರಡು ಜಿಲ್ಲೆಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಮ್ಮ ಕಡೆಯ ಮಕ್ಕಳು ಬೆಳಗ್ಗೆ ಮಂಡ್ಯದಲ್ಲಿ ತಿಂಡಿ ತಿಂದು, ರೈಲು ಹತ್ತಿ, ಮೈಸೂರಿನಲ್ಲಿ ಓದುತ್ತಾರೆ. ಸಂಜೆ ವಾಪಸ್. ಅವರ ಬ್ಯಾಗು ಒಂದೇ ದಿನದಲ್ಲಿ ಎರಡು ಜಿಲ್ಲೆ ನೋಡುತ್ತದೆ. ಫೈಲು ಮಾತ್ರ ಎರಡು ಕಚೇರಿಯಲ್ಲಿ ಬೇರೆ ಬೇರೆ ಇರುತ್ತದೆ.

ಹೋದ ಜೂನ್ 26ಕ್ಕೆ ನಮ್ಮ ಮನೆ ಮುಂದಿನ ರಸ್ತೆಯಲ್ಲಿ ಜಾಥಾ ಹೋಯಿತು. ಮಾದಕ ವಸ್ತು ವಿರೋಧಿ ದಿನ. ಮುಂದೆ ಬ್ಯಾಂಡ್‌ಸೆಟ್ಟು, ಹಿಂದೆ ಯೂನಿಫಾರಂ ಹಾಕಿದ ಮಕ್ಕಳು, ಅವರ ಕೈಯಲ್ಲಿ ತಲೆಬುರುಡೆ ಬರೆದ ಫಲಕ. ಸಣ್ಣಗೆ ತುಂತುರು ಬೀಳುತ್ತಿತ್ತು. ಫಲಕದ ಬಣ್ಣ ಕರಗಿ, ಬುರುಡೆಯ ಕಣ್ಣಿಂದ ನೀಲಿ ನೀರು ಇಳಿದು, ಹಿಡಿದ ಹುಡುಗನ ಬಿಳಿ ಶರ್ಟಿನ ತೋಳೆಲ್ಲ ನೀಲಿಯಾಗಿತ್ತು. ಸರ್ಕಲ್ಲಿನಲ್ಲಿ ಎಲ್ಲರೂ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರು. ಆಮೇಲೆ ಬಿಸ್ಕತ್ತು, ಬಾಳೆಹಣ್ಣು. ಆ ಶರ್ಟಿನ ಹುಡುಗ ಪಕ್ಕದಲ್ಲಿದ್ದ ಮೇಷ್ಟ್ರನ್ನು ಕೇಳಿದ: "ಸಾರ್, ಅಷ್ಟೊಂದು ಕೆಟ್ಟದ್ದಾದ್ರೆ ಜನ ಯಾಕ್ ಸಾರ್ ತಗೊತಾರೆ?"

"ಲೈನಲ್ಲಿ ನಿಂತ್ಕೊಳೋ" ಅಂದರು ಮೇಷ್ಟ್ರು.

ಅವರನ್ನು ಬೈಯಲಾರೆ. ನಾನೂ ಹಾಗೇ ಅಂದಿರುತ್ತಿದ್ದೆ. ಆದರೆ ಇಡೀ ಜಾಥಾದಲ್ಲಿ ಇದ್ದ ಒಂದೇ ಒಂದು ವಿಜ್ಞಾನದ ಪ್ರಶ್ನೆ ಅದು. ಉತ್ತರ ಇದೆ. ಈ ಪತ್ರ ಆ ಹುಡುಗನಿಗೆ ಬರೆಯಬೇಕಾಗಿದ್ದದ್ದು, ನಿಮಗೆ ಬರೆಯುತ್ತಿದ್ದೇನೆ.

ನನಗೆ ಈ ಪ್ರಶ್ನೆ ಯಾಕೆ ಅಷ್ಟು ನಾಟಿತು ಅಂತ ಮೊದಲು ಹೇಳಿಬಿಡುತ್ತೇನೆ. ನನ್ನ ತಮ್ಮನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಹೆಸರು ಬೇಡ. ಮೂರನೇ ವರ್ಷದಲ್ಲಿ ಅವನಿಗೆ ಎಂಡಿ ಹತ್ತಿತು. ಫೋನಿನಲ್ಲಿ ಗೆಳೆಯನ ಜೊತೆ ಆಡಿದ ಮಾತು ಅವರಮ್ಮನ ಕಿವಿಗೆ ಬಿದ್ದಿತ್ತು. "ಬಾವ, ಇವ್ನು ಎಂಡಿ ಎಂಡಿ ಅಂತಿದ್ದ. ಎಂಜಿನಿಯರಿಂಗ್ ಬಿಟ್ಟು ಡಾಕ್ಟ್ರು ಓದ್ತಾನಾ?" ಅಂತ ನನ್ನ ಹತ್ತಿರ ಬಂದು ಕೇಳಿದಳು. ನಾನೂ ನಕ್ಕೆ. ಗೊತ್ತಿರಲಿಲ್ಲ. ಎಂಡಿ ಅಂದರೆ ಮೆಫೆಡ್ರೋನ್, ಕೆಮಿಕಲ್ಲಿನಿಂದ ಮಾಡುವ ಒಂದು ಪುಡಿ. 2015ರಲ್ಲಿ ನಮ್ಮ ದೇಶದ ಮಾದಕ ವಸ್ತು ಕಾಯ್ದೆಯ ಪಟ್ಟಿಗೆ ಸೇರಿದ್ದು. 2025ರ ಜುಲೈನಲ್ಲಿ ಮುಂಬೈ ಪೊಲೀಸರು ಬಂದು ಮೈಸೂರಿನ ಹೊರವಲಯದಲ್ಲೇ ಇದನ್ನು ತಯಾರಿಸುತ್ತಿದ್ದ ಜಾಗ ಹಿಡಿದು, ನೂರಾರು ಕೋಟಿ ಬೆಲೆಯ ಮಾಲು ಅಂದಾಗ ಊರಿಗೆ ಊರೇ ಬಾಯಿ ಬಿಟ್ಟಿತು. ನಮ್ಮ ಮನೆಗೆ ಆ ಸುದ್ದಿ ಅಷ್ಟೇನೂ ಹೊಸದಾಗಿರಲಿಲ್ಲ.

ಕಾಲೇಜಿನವರು ಹುಡುಗನ ಕೈಗೆ ಟಿಸಿ ಕೊಟ್ಟು ಕಳಿಸಿದರು. ಮನೆಗೆ ಬಂದವನು ಎರಡು ದಿನ ಮಲಗೇ ಇದ್ದ. ಎದ್ದು ಸಿಕ್ಕಿದ್ದೆಲ್ಲ ತಿಂದ. ಆಮೇಲೆ ಗೋಡೆಗೆ ಒರಗಿ ಕೂತವನು ಕೂತೇಬಿಟ್ಟ. ಒಂದು ಮಧ್ಯಾಹ್ನ ನಾನೂ ಅಲ್ಲೇ ಊಟಕ್ಕೆ ಕೂತಿದ್ದೆ. ಬಿಸಿ ಮುದ್ದೆ, ಅವರೆಕಾಳಿನ ಉಪ್ಸಾರು, ಪಕ್ಕದಲ್ಲಿ ಖಾರ. ಈ ಹುಡುಗ ಚಿಕ್ಕವನಿದ್ದಾಗ ಉಪ್ಸಾರಿನ ದಿನ ಶಾಲೆಯಿಂದ ಓಡಿ ಬರುತ್ತಿದ್ದ. ಅವತ್ತು ಎರಡು ತುತ್ತು ನುಂಗಿ ಕೈ ನಿಲ್ಲಿಸಿದ.

"ಉಪ್ಪ್ ಕಮ್ಮಿ ಆಯ್ತೇನೋ ಮಗ?" ಅಂತ ಅವಳು ತಟ್ಟೆಯ ಅಂಚಿಗೆ ಒಂದು ಚಿಟಿಕೆ ಉಪ್ಪು ಇಟ್ಟಳು.

"ಉಪ್ಪು ಸರ್ಯಾಗೈತೆ ಕಣಮ್ಮ. ನಾಲ್ಗೆಗೆ ಗೊತ್ತಾಯ್ತದೆ. ಒಳಗೆ ಏನೂ ಅನ್ನಿಸ್ತಾ ಇಲ್ಲ, ಅಷ್ಟೆ."

ಮೆದುಳಿನ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಅದರ ಬಗ್ಗೆ ಪಾಠ ಮಾಡುವಾಗ ನಾನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಮಧ್ಯಾಹ್ನದ ಮೇಲೆ ಕೂತು ಓದಿದೆ. ಓದಿದ್ದನ್ನು ಮಂಡ್ಯದ ಮಕ್ಕಳಿಗೆ ಹೇಳುವುದು ಕಷ್ಟವೇ ಅಲ್ಲ. ನೀರಿನ ಲೆಕ್ಕದಲ್ಲಿ ಹೇಳಿದರೆ ಆಯಿತು.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ನಡುಮೆದುಳಿನಲ್ಲಿ ಕೂತು ಡೋಪಮೈನ್ ಹಂಚುವವು ಕೆಲವು ಲಕ್ಷ ಅಷ್ಟೇ. ಊರಿಗೆ ಒಬ್ಬನೋ ಇಬ್ಬರೋ ನೀರುಗಂಟಿ ಇರುತ್ತಾರಲ್ಲ, ಹಾಗೆ. ತೂಬಿನ ಬೀಗ ಇವರ ಕೈಯಲ್ಲಿ. ಇಲ್ಲಿಂದ ಒಂದು ಕಾಲುವೆ ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಅನ್ನುವ ಪುಟ್ಟ ಜಾಗಕ್ಕೆ ಹೋಗುತ್ತದೆ. 'ಇದು ಬೇಕು, ಮತ್ತೆ ಬೇಕು' ಅಂತ ನಮ್ಮನ್ನು ಎಬ್ಬಿಸಿ ಓಡಿಸುವ ಜಾಗ. ಇನ್ನೊಂದು ಕಾಲುವೆ ಹಣೆಯ ಹಿಂದಿನ ಭಾಗಕ್ಕೆ. 'ಈಗ ಬೇಡ, ನಾಳೆ ಪರೀಕ್ಷೆ ಇದೆ' ಅನ್ನುವುದು ಅಲ್ಲಿ. ಈ ಎರಡನೇ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಹದಿನೆಂಟರ ಹುಡುಗನಿಗೆ ಮೊದಲ ಕಾಲುವೆ ಭರ್ತಿ ಹರಿಯುತ್ತಿರುತ್ತದೆ, ಎರಡನೇ ಕಡೆಯ ಗದ್ದೆ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಬುದ್ಧಿ ಇಲ್ಲ ಅಂತಲ್ಲ. ಬುದ್ಧಿ ಹೇಳುವ ಜಾಗದ ಕೆಲಸ ಇನ್ನೂ ಮುಗಿದಿಲ್ಲ.

ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಸಂದು. ಅದೇ ನಮ್ಮ ಗದ್ದೆ ಅಂದುಕೊಳ್ಳಿ. ಕಷ್ಟಪಟ್ಟು ಹಸಿದು ಬಂದವನಿಗೆ ಮುದ್ದೆಯ ವಾಸನೆ ಬಂತು. ನೀರುಗಂಟಿ ತೂಬು ಎತ್ತುತ್ತಾನೆ, ಒಂದಿಷ್ಟು ಡೋಪಮೈನ್ ಗದ್ದೆಗೆ ಬೀಳುತ್ತದೆ. ಆಚೆ ದಡದ ಕೋಶದ ಮೇಲಿರುವ ಗ್ರಾಹಿಗಳು, ಅಂದರೆ ಬೇರುಗಳು, ಅದನ್ನು ಹೀರುತ್ತವೆ. ಕೆಲಸ ಆಯಿತು. ಉಳಿದ ನೀರು ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೆ ಬಸಿಗಾಲುವೆ ಇದೆ. ವಿಜ್ಞಾನದಲ್ಲಿ ಅದನ್ನು ಡೋಪಮೈನ್ ಟ್ರಾನ್ಸ್‌ಪೋರ್ಟರ್ ಅನ್ನುತ್ತಾರೆ. ನಮ್ಮ ಬಸಿಗಾಲುವೆ ನೀರು ಮುಂದಿನ ಊರಿನ ಪಾಲು. ಮೆದುಳು ಜಿಪುಣ, ಬಸಿದ ಡೋಪಮೈನನ್ನು ಬಿಟ್ಟ ಕೋಶಕ್ಕೇ ವಾಪಸ್ ಎಳೆದುಕೊಂಡು ತೊಟ್ಟಿಯಲ್ಲಿ ತುಂಬಿಸಿಡುತ್ತದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಜೀವಶಾಸ್ತ್ರದ ಮೇಷ್ಟ್ರಿಗೆ ಸಮಾಧಾನ ಆಗುವುದಿಲ್ಲ. ಈ ತೊಟ್ಟಿ ಖಾಲಿಯಾದರೆ ಏನಾಗುತ್ತದೆ ಅಂತ ಗೊತ್ತಾಗಿದ್ದು ನಮ್ಮ ಸರ್ಪಗಂಧದಿಂದ. ಆ ಗಿಡದ ಬೇರಿನಿಂದ ತೆಗೆದ ರಿಸರ್ಪೈನ್ ಔಷಧಿಯನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1957ರ ಸುಮಾರಿಗೆ ಮೊಲಗಳಿಗೆ ಕೊಟ್ಟರು. ತೊಟ್ಟಿಗಳೆಲ್ಲ ಬರಿದು. ಮೊಲಗಳು ಕಿವಿ ಜೋಲು ಬಿಟ್ಟು ಕೂತಲ್ಲೇ ಕಲ್ಲಾದವು. ಮೆದುಳು ಡೋಪಮೈನ್ ಮಾಡಿಕೊಳ್ಳಲು ಬೇಕಾದ ಎಲ್-ಡೋಪಾ ಚುಚ್ಚಿದರು. ಕಿವಿ ಎದ್ದಿತು, ಮೊಲ ನಡೆಯಿತು. ಅದಕ್ಕೆ ಮುಂದೆ 2000ನೇ ಇಸವಿಯ ನೊಬೆಲ್ ಬಂತು. ಗೋಡೆಗೆ ಒರಗಿ ಕೂತ ನಮ್ಮ ಹುಡುಗನನ್ನು ನೋಡಿದಾಗೆಲ್ಲ ನನಗೆ ಆ ಮೊಲಗಳ ನೆನಪು. ಅವನ ತೊಟ್ಟಿ ಆ ಮೊಲದ ಹಾಗೆ ಬರಿದಾಗಿತ್ತು ಅಂತ ನಾನು ಹೇಳುತ್ತಿಲ್ಲ. ಕೂತ ಭಂಗಿ ಹಾಗಿತ್ತು.

ಈಗ ಪುಡಿಯ ವಿಷಯ. ಕೊಕೇನ್ ಮಾಡುವ ಕೆಲಸ ಸರಳ. ಬಸಿಗಾಲುವೆಯ ಬಾಯಿಗೆ ಮಣ್ಣು ತುಂಬುತ್ತದೆ. ನೀರು ವಾಪಸ್ ಹೋಗಲು ದಾರಿ ಇಲ್ಲ, ಗದ್ದೆ ತುಂಬುತ್ತಲೇ ಇರುತ್ತದೆ. ಆಂಫೆಟಮೈನ್, ಅದರ ದಾಯಾದಿ ಮೆತ್ (ಮೆತಾಂಫೆಟಮೈನ್) ಅನ್ನುವ ಉತ್ತೇಜಕಗಳು ಇನ್ನೂ ಒಂದು ಕೈ ಮೇಲೆ. ಬಸಿಗಾಲುವೆಯ ಒಳಗೇ ನುಗ್ಗಿ ಕೋಶದ ಒಳಕ್ಕೆ ಹೋಗುತ್ತವೆ. ತೊಟ್ಟಿಯ ಗೋಡೆ ಒಡೆಯುತ್ತವೆ. ಅಷ್ಟೇ ಅಲ್ಲ, ಪಂಪನ್ನೇ ಉಲ್ಟಾ ತಿರುಗಿಸುತ್ತವೆ. ನೀರು ಎಳೆದುಕೊಳ್ಳಬೇಕಾದ ಕಾಲುವೆಯಲ್ಲೇ ನೀರು ಹೊರಗೆ ನುಗ್ಗುತ್ತದೆ. ನೀರುಗಂಟಿ ತೂಬು ಎತ್ತಿಲ್ಲ, ಯಾರೂ ಉತ್ತಿಲ್ಲ, ಬಿತ್ತಿಲ್ಲ, ಆದರೂ ಪ್ರವಾಹ. ನಮ್ಮ ಹುಡುಗನ ಎಂಡಿ ಕೂಡ ಈ ಜಾತಿಯದೇ. ಡೋಪಮೈನ್ ಜೊತೆಗೆ ಸೆರೊಟೋನಿನ್ ಅನ್ನುವ ಇನ್ನೊಂದು ಮೆದುಳಿನ ರಾಸಾಯನಿಕವನ್ನೂ ಹೊರಗೆ ಚೆಲ್ಲುತ್ತದೆ. ಏರಿದಷ್ಟೇ ಬೇಗ ಇಳಿಯುತ್ತದೆ. ಅದಕ್ಕೇ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಕೈ ಹೋಗುತ್ತದೆ.

ಎಷ್ಟು ಪ್ರವಾಹ? ಇಲಿಗಳ ಮೆದುಳಿನಲ್ಲಿ ಅಳೆದು ನೋಡಿದ್ದಾರೆ. ಒಳ್ಳೆ ಊಟ ಸಿಕ್ಕಾಗ ಡೋಪಮೈನ್ ಇದ್ದುದಕ್ಕಿಂತ ಸುಮಾರು ಒಂದೂವರೆ ಪಟ್ಟು ಆಗುತ್ತದೆ. ಆಂಫೆಟಮೈನ್ ಕೊಟ್ಟಾಗ ಸುಮಾರು ಹತ್ತು ಪಟ್ಟು. ಯಾವ ಹಬ್ಬದೂಟವೂ, ಯಾವ ರ‍್ಯಾಂಕೂ ಇಷ್ಟು ನೀರು ಬಿಡುವುದಿಲ್ಲ. ಶರ್ಟು ನೀಲಿಯಾದ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಜನ ಯಾಕೆ ತಗೋತಾರೆ? ಚೆನ್ನಾಗಿರುತ್ತದೆ, ಅದಕ್ಕೆ.

ನಿಮ್ಮ ಕಾರ್ಯಕ್ರಮಗಳಲ್ಲಿ ಈ ಒಂದು ವಾಕ್ಯವನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಮಕ್ಕಳು ಕೆಡುತ್ತಾರೆ ಅಂತ ಭಯ. ಮಾನ್ಯರೇ, ಹಾಸ್ಟೆಲಿನ ಸೀನಿಯರ್ ಅದನ್ನು ಆಗಲೇ ಹೇಳಿರುತ್ತಾನೆ. 'ಸೂಪರಾಗಿರುತ್ತೆ ಮಚ್ಚಾ, ಒಂದ್ಸಲ ನೋಡು' ಅಂದಿರುತ್ತಾನೆ. ನಾವು ತಲೆಬುರುಡೆ ತೋರಿಸಿ 'ತಗೊಂಡರೆ ಸತ್ತೆ' ಅಂದಿರುತ್ತೇವೆ. ಹುಡುಗ ಒಂದು ಸಲ ತಗೋತಾನೆ. ಸಾಯುವುದಿಲ್ಲ. ಸೂಪರಾಗೇ ಇರುತ್ತದೆ. ಅವನ ಲೆಕ್ಕದಲ್ಲಿ ಅವತ್ತಿಗೆ ಸೀನಿಯರ್ ನಿಜ ಹೇಳಿದವನು, ಮೇಷ್ಟ್ರು, ಪೊಲೀಸು, ಜಿಲ್ಲಾಡಳಿತ ಎಲ್ಲರೂ ಸುಳ್ಳು ಹೇಳಿದವರು. ಆಮೇಲೆ ನಾವು ಹೇಳುವ ಒಂದು ಮಾತೂ ಅವನ ತಲೆಗೆ ಇಳಿಯುವುದಿಲ್ಲ. ನಮ್ಮ ಹುಡುಗನೇ ನನಗೆ ಹೇಳಿದ್ದು ಇದು: "ದೊಡ್ಡಪ್ಪ, ನೀವು ಹೇಳಿದ ಥರ ಏನೂ ಆಗ್ಲಿಲ್ಲ. ಅದೇ ಪ್ರಾಬ್ಲಂ ಆಗಿದ್ದು."

ಸೀನಿಯರ್ ಹೇಳಿದ್ದು ಅರ್ಧ ನಿಜ. ಉಳಿದ ಅರ್ಧ ಹೇಳಬೇಕಾದವರು ನಾವು. ಆ ಅರ್ಧ ಹೇಗಿದೆ ಅಂದರೆ, ಡೋಪಮೈನ್ ಅಂದರೆ ಸುಖ ಅಂತ ನಾವೆಲ್ಲ ತಿಳಿದಿದ್ದೇವಲ್ಲ, ಅದೇ ತಪ್ಪು. 1954ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಅನ್ನುವವರು ಇಲಿಯ ಮೆದುಳಿಗೆ ತಂತಿ ಇಟ್ಟರು. ಸನ್ನೆ ಒತ್ತಿದರೆ ಸಣ್ಣ ಕರೆಂಟು. ಕೆಲವು ಇಲಿಗಳು ಬಿಡುವಿಲ್ಲದೆ ಒತ್ತಿದ್ದೇ ಒತ್ತಿದ್ದು. ಸುಖದ ಕೇಂದ್ರ ಸಿಕ್ಕಿತು ಅಂತ ಲೋಕಕ್ಕೆ ಅನ್ನಿಸಿತು. ಬಹಳ ಕಾಲ ಆದ ಮೇಲೆ ಅಮೆರಿಕದ ಕೆಂಟ್ ಬೆರಿಜ್ ಬೇರೆ ಥರ ನೋಡಿದರು. ಇಲಿಯಲ್ಲಿ ಡೋಪಮೈನನ್ನು ಹೆಚ್ಚುಕಡಿಮೆ ಪೂರ್ತಿ ಇಲ್ಲವಾಗಿಸಿದರು. ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಅದು ಮೊದಲಿನ ಹಾಗೇ ತುಟಿ ನೆಕ್ಕುತ್ತದೆ. ರುಚಿ ಗೊತ್ತು, ಇಷ್ಟವೂ ಇದೆ. ಆದರೆ ಎದುರಿಗೇ ತಿಂಡಿ ಇದ್ದರೂ ಎದ್ದು ಹೋಗಿ ತಿನ್ನುವುದಿಲ್ಲ. ಬಾಯಿಗೆ ಇಡದಿದ್ದರೆ ಉಪವಾಸ ಬಿದ್ದು ಸಾಯುತ್ತದೆ. ಅಂದರೆ ಡೋಪಮೈನ್ ಜಾಸ್ತಿ ನೋಡಿಕೊಳ್ಳುವುದು 'ಚೆನ್ನಾಗಿದೆ' ಅನ್ನುವುದನ್ನಲ್ಲ, 'ಬೇಕು' ಅನ್ನುವುದನ್ನು. ಇಂಗ್ಲಿಷಿನಲ್ಲಿ ಇದನ್ನು ಬಿಡಿಸಿ ಹೇಳಲು ಪುಟಗಟ್ಟಲೆ ಬರೆಯುತ್ತಾರೆ. ನಮ್ಮ ಭಾಷೆಯಲ್ಲಿ ಇಷ್ಟ ಬೇರೆ, ಬೇಕು ಬೇರೆ. ಒಂದನೇ ಕ್ಲಾಸಿನ ಮಗುವಿಗೂ ಗೊತ್ತು.

ಮಾದಕ ವಸ್ತು ಈ 'ಬೇಕು'ವನ್ನು ಮಾತ್ರ ಹಿಗ್ಗಿಸುತ್ತಾ ಹೋಗುತ್ತದೆ. 'ಇಷ್ಟ' ಅದರ ಹಿಂದೆ ಬರುವುದಿಲ್ಲ. ಆರು ತಿಂಗಳಾದ ಮೇಲೆ ನಮ್ಮ ಹುಡುಗನಿಗೆ ಅದರಲ್ಲಿ ಮಜಾ ಏನೂ ಉಳಿದಿರಲಿಲ್ಲವಂತೆ. ಮಜಾ ಇಲ್ಲ ಅಂತ ಗೊತ್ತಿದ್ದೂ ರಾತ್ರಿ ಹನ್ನೊಂದಕ್ಕೆ ಬೈಕ್ ತೆಗೆಯುತ್ತಿದ್ದ.

ಇನ್ನೊಂದು ಸಂಗತಿ ವುಲ್ಫ್ರಾಮ್ ಶುಲ್ಟ್ಸ್ ಅನ್ನುವವರು ಕೋತಿಗಳಲ್ಲಿ ನೋಡಿದ್ದು. ಜ್ಯೂಸ್ ಕೊಟ್ಟಾಗ ಡೋಪಮೈನ್ ಕೋಶ ಮಿಡಿಯುತ್ತದೆ. ಜ್ಯೂಸಿಗೆ ಮುಂಚೆ ಪ್ರತಿ ಸಲ ದೀಪ ಹಚ್ಚಿದರೆ, ಕೆಲವು ದಿನದ ಮೇಲೆ ಮಿಡಿತ ಜ್ಯೂಸಿನಿಂದ ದೀಪಕ್ಕೆ ಜರುಗುತ್ತದೆ. ದೀಪ ಹಚ್ಚಿ ಜ್ಯೂಸ್ ಕೊಡದಿದ್ದರೆ, ಜ್ಯೂಸ್ ಬರಬೇಕಾಗಿದ್ದ ಗಳಿಗೆಯಲ್ಲಿ ಮಿಡಿತ ಕುಸಿಯುತ್ತದೆ. ಇದು ಓದಿದ ಮೇಲೆ ನನಗೆ ಒಂದು ವಿಷಯ ಅರ್ಥ ಆಯಿತು. ಹುಡುಗ ಬಿಟ್ಟು ನಾಲ್ಕು ತಿಂಗಳಾಗಿತ್ತು. ಮಾರ್ಕ್ಸ್‌ಕಾರ್ಡಿಗೆ ಅಂತ ಇಬ್ಬರೂ ಮೈಸೂರಿಗೆ ರೈಲಿನಲ್ಲಿ ಹೋಗುತ್ತಿದ್ದೆವು. ಪಾಂಡವಪುರದವರೆಗೂ ಕ್ರಿಕೆಟ್ ಮಾತಾಡುತ್ತಿದ್ದ. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟಿದ ಮೇಲೆ ಮಾತು ಕಮ್ಮಿಯಾಯಿತು. ನಾಗನಹಳ್ಳಿ ಬರುವ ಹೊತ್ತಿಗೆ ಕಾಲು ಕುಣಿಸತೊಡಗಿದ, ಅಂಗೈ ಬೆವರಿ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. "ಏನೋ?" ಅಂದೆ. "ಗೊತ್ತಿಲ್ಲ ದೊಡ್ಡಪ್ಪ, ಈ ಸ್ಟೇಷನ್ ಬಂದ್ರೆ ಹಿಂಗೇ." ಮೊದಲೆಲ್ಲ ನಾಗನಹಳ್ಳಿ ದಾಟಿದ ಮೇಲೆ ಗೆಳೆಯನಿಗೆ ಮೆಸೇಜ್ ಹಾಕುತ್ತಿದ್ದನಂತೆ, ಬರ್ತಾ ಇದೀನಿ ಅಂತ. ಒಂದು ಸ್ಟೇಷನ್ನಿನ ಬೋರ್ಡು ಅವನಿಗೆ ಆ ಕೋತಿಯ ದೀಪ ಆಗಿತ್ತು. ಅವನು ಆಣೆ ಇಟ್ಟಿದ್ದು ನಿಜ, ಬಿಡಬೇಕು ಅಂತ ಮನಸ್ಸಿದ್ದದ್ದೂ ನಿಜ. ಆಣೆ ಇಟ್ಟಿದ್ದು ಹಣೆಯ ಹಿಂದಿನ ಮೆದುಳು. ರೈಲು ಹೋಗುತ್ತಿದ್ದದ್ದು ಇನ್ನೊಂದು ಕಾಲುವೆಯ ಮೇಲೆ. ಬಲಗೈ ಚಾಚಿ ಮಾಡಿಸುವ ಪ್ರತಿಜ್ಞೆಯ ಬಗ್ಗೆ ನನಗೆ ನಂಬಿಕೆ ಹೋಗಿದ್ದು ಆ ರೈಲಿನಲ್ಲಿ.

ಚೌಳು ಭೂಮಿ ನೋಡಿದ್ದೀರಲ್ವಾ? ನಾಲೆ ಬಂತು ಅಂತ ಖುಷಿಗೆ ವರ್ಷಪೂರ್ತಿ ನೀರು ನಿಲ್ಲಿಸಿದ ಗದ್ದೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮೊದಲು ಜೌಗು, ಆಮೇಲೆ ಮೇಲೆ ಬಿಳಿ ಉಪ್ಪು. ಆಗ ನೀರು ಬಿಟ್ಟರೂ ಪೈರು ಏಳುವುದಿಲ್ಲ. ಮೆದುಳಿನಲ್ಲೂ ಹೀಗೇ. ಪ್ರವಾಹ ಜಾಸ್ತಿಯಾದಂತೆ ಆಚೆ ದಡದ ಕೋಶ ತನ್ನ ಬೇರುಗಳನ್ನು ಕಮ್ಮಿ ಮಾಡಿಕೊಳ್ಳುತ್ತದೆ. ಕೊಕೇನ್, ಮೆತ್ ಚಟದವರ ಮೆದುಳನ್ನು ಸ್ಕ್ಯಾನ್ ಮಾಡಿ ನೋರಾ ವೋಲ್ಕೋ ಮತ್ತು ಅವರ ಜೊತೆಗಾರರು ತೋರಿಸಿದ್ದು ಇದನ್ನೇ. ಡಿ2 ಅನ್ನುವ ಗ್ರಾಹಿಗಳು ಉಳಿದವರಿಗಿಂತ ಕಮ್ಮಿ ಇದ್ದವು. ಇಂಥ ಗದ್ದೆಗೆ ಉಪ್ಸಾರು ಬಿಡುವ ನೀರು ಎಷ್ಟು? ಬೇರಿಗೆ ತಾಕುವುದೇ ಇಲ್ಲ. ಅವತ್ತು ಅವರಮ್ಮ ಇಟ್ಟ ಉಪ್ಪು ನಾಲಗೆಗೆ ಗೊತ್ತಾಗಿ ಒಳಗೆ ಗೊತ್ತಾಗದೇ ಹೋಗಿದ್ದು ಇದಕ್ಕೆ ಅಂತ ನನ್ನ ಅನಿಸಿಕೆ.

ಚೌಳನ್ನು ಬೈದು ಸರಿಮಾಡಿದವರು ಯಾರೂ ಇಲ್ಲ. ಬಸಿಗಾಲುವೆ ತೋಡಬೇಕು, ಜಿಪ್ಸಮ್ ಹಾಕಬೇಕು, ಸೆಣಬು ಬಿತ್ತಿ ಹಸಿರು ಗೊಬ್ಬರಕ್ಕೆ ಮಗುಚಬೇಕು. ಬೆಳೆ ಬಿಟ್ಟು ಬೆಳೆ ಕಾಯಬೇಕು. ಮೆದುಳಿಗೂ ಕಾಲ ಬೇಕು. ಮೆತ್ ಬಿಟ್ಟವರನ್ನು 12ರಿಂದ 17 ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದ ಒಂದು ಅಧ್ಯಯನ 2001ರಲ್ಲಿ ಬಂತು. ಟ್ರಾನ್ಸ್‌ಪೋರ್ಟರ್‌ಗಳು ಬಹುಮಟ್ಟಿಗೆ ವಾಪಸ್ ಬಂದಿದ್ದವು. ನೆನಪಿನ ಶಕ್ತಿ, ಕೈಕಾಲಿನ ಚುರುಕು ಮಾತ್ರ ಅಷ್ಟೇ ಚೆನ್ನಾಗಿ ಮರಳಿರಲಿಲ್ಲ. ಪರೀಕ್ಷಿಸಿದ್ದು ಕೆಲವೇ ಜನರನ್ನು. ಆದರೂ ನಮ್ಮ ಮನೆಯವರಿಗೆ ಆ 12 ಅನ್ನುವ ಸಂಖ್ಯೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತಿದ್ದೆವು.

ಎರಡು ಮೂರು ವಿಷಯ ಬೇಗ ಹೇಳಿ ಮುಂದೆ ಹೋಗುತ್ತೇನೆ. ಎಲ್ಲವನ್ನೂ ಡ್ರಗ್ಸ್ ಅನ್ನಬೇಡಿ. 'ರೀಲ್ಸ್ ಕೂಡ ಕೊಕೇನೇ' ಅಂತ ಭಾಷಣ ಮಾಡುವವರನ್ನು ವೇದಿಕೆಗೆ ಕರೆಯಬೇಡಿ. ರೀಲ್ಸ್ ಬಸಿಗಾಲುವೆ ಮುಚ್ಚುವುದಿಲ್ಲ. ಒಂದು ರಾತ್ರಿ ರೀಲ್ಸ್ ನೋಡಿದ ಮಗು ಅದನ್ನು ಕೇಳಿಸಿಕೊಂಡು, ಹಾಗಾದರೆ ಕೊಕೇನೂ ಇಷ್ಟೇನಾ ಅಂದುಕೊಳ್ಳುತ್ತದೆ. ಹಾಗೇ ಏಕಾಗ್ರತೆಯ ತೊಂದರೆ ಇರುವ ಮಕ್ಕಳಿಗೆ ಡಾಕ್ಟರು ಬರೆಯುವ ಮೀಥೈಲ್‌ಫೆನಿಡೇಟ್ ಕೂಡ ಬಸಿಗಾಲುವೆಯನ್ನೇ ಮುಟ್ಟುತ್ತದೆ. ಆದರೆ ಮಾತ್ರೆಯಾಗಿ ನುಂಗಿದ ಔಷಧಿ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಚಟ ಹತ್ತಿಸುವುದರಲ್ಲಿ ವೇಗದ ಪಾತ್ರ ದೊಡ್ಡದು. ಮೂಗಿಗೆ ಎಳೆದದ್ದು, ಸೇದಿದ್ದು, ಚುಚ್ಚಿದ್ದು ಸೆಕೆಂಡು, ನಿಮಿಷದಲ್ಲಿ ಮೆದುಳು ಮುಟ್ಟುತ್ತದೆ. ಆ ಔಷಧಿ ತಗೊಳ್ಳುವ ಮಕ್ಕಳ ತಂದೆತಾಯಿ ಹೆದರಿ ನಿಲ್ಲಿಸುವುದು ಬೇಡ. ಪಕ್ಕದ ಮನೆ ಹುಡುಗ ನೀಟ್ ಪರೀಕ್ಷೆಗೆ ಅಂತ ಅದೇ ಮಾತ್ರೆ ಕೇಳಿ ಪಡೆಯುವುದೂ ಬೇಡ. ಇನ್ನು ಜಿಮ್‌ಗಳು. ಆಪರೇಷನ್ ಟೇಬಲ್ಲಿನ ಮೇಲೆ ಬಿಪಿ ಬಿದ್ದಾಗ ಕೊಡುವ ಮೆಫೆಂಟರ್ಮೈನ್ ಇಂಜೆಕ್ಷನ್ನನ್ನು ಕಸರತ್ತಿನ ಹುಡುಗರು ಚುಚ್ಚಿಕೊಳ್ಳುವ ಬಗ್ಗೆ ನಮ್ಮ ದೇಶದ ಮನೋವೈದ್ಯರು ಬರೆಯುತ್ತಲೇ ಇದ್ದಾರೆ. ಅದೂ ಆಂಫೆಟಮೈನಿನ ದಾಯಾದಿಯೇ. ಗರಡಿಮನೆಗೆ ಹೆಸರಾದ ಮೈಸೂರಿನಲ್ಲಿ ಹುಡುಗರ ತೋಳಿಗೆ ಸೂಜಿ ಬೇಕಾಯಿತಲ್ಲ ಅಂತ ನನ್ನಂಥ ಹಳಬರಿಗೆ ಬೇಜಾರು. ಔಷಧ ನಿಯಂತ್ರಣದವರನ್ನು ಒಂದು ಸುತ್ತು ಜಿಮ್‌ಗಳ ಕಡೆಗೂ ಕಳಿಸಿ.

ಕುಡಿತವನ್ನು ಮರೆತಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. 10ರಿಂದ 75 ವರ್ಷದವರಲ್ಲಿ ಶೇ 14.6 ಜನ ಮದ್ಯ ಮುಟ್ಟುತ್ತಾರೆ, ಆಂಫೆಟಮೈನ್ ಬಗೆಯವನ್ನು ಶೇ 0.18. ನೂರು ಮನೆಯಲ್ಲಿ ಒಂದು ಮನೆಯೂ ಇಲ್ಲ. ಆದರೆ ಆ ಮನೆಗೆ ಹೋಗಲು ಬಾಗಿಲೂ ಇಲ್ಲ. ಅದೇ ನನ್ನ ದೂರು.

ಹುಡುಗನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನಾವು ಮೂರು ವಾರ ಒದ್ದಾಡಿದೆವು. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳುತ್ತಾರೆ ಅಂತ ತಮ್ಮನಿಗೆ ಭಯ. ಮಾದಕ ವಸ್ತು ಕಾಯ್ದೆ ಬಂದಿದ್ದು 1985ರಲ್ಲಿ. ಅದರಲ್ಲೇ 64ಎ ಅನ್ನುವ ಕಲಂ ಇದೆ. ಚಟ ಹತ್ತಿದವನು ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿನಿಂದ ಅವನಿಗೆ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರುವವನಿಗೆ ಇದು ಸಿಗುವುದಿಲ್ಲ. ಇದನ್ನು ನಾನು ಒಬ್ಬ ವಕೀಲರ ಮನೆಯಲ್ಲಿ ಕಾಫಿ ಕುಡಿಯುತ್ತಾ ತಿಳಿದುಕೊಂಡೆ. ಜಾಥಾದ ಯಾವ ಫಲಕದಲ್ಲೂ ನೋಡಿದ ನೆನಪಿಲ್ಲ. ತಲೆಬುರುಡೆಯ ಬದಲು ಈ ಎರಡು ಸಾಲು ಬರೆಸಿ. ಜೊತೆಗೆ 14416 ಬರೆಸಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸಲೆಂದೇ ಇರುವ 14446 ಕೂಡ. ಪುಡಿ ತಗೊಂಡವನಿಗೆ ಎದೆನೋವು ಬಂದರೆ, ಮೈ ಕಾದ ಹಂಚಿನ ಹಾಗಾದರೆ ಗೆಳೆಯರು ಹೆದರಿ ಓಡಿಹೋಗುತ್ತಾರೆ. 108ಕ್ಕೆ ಫೋನ್ ಮಾಡಿ, ಏನು ತಗೊಂಡ ಅಂತ ಡಾಕ್ಟರಿಗೆ ನಿಜ ಹೇಳಿ ಅಂತಲೂ ಬರೆಸಿ.

ಚಿಕಿತ್ಸೆಯ ಬಗ್ಗೆ ಒಂದು ವಿಚಿತ್ರ ಇದೆ. ಹೆರಾಯಿನ್ ಚಟಕ್ಕೆ ಬುಪ್ರೆನಾರ್ಫಿನ್ ಥರದ ಔಷಧಿ ಇದೆ. ಕೊಕೇನ್, ಮೆತ್, ಎಂಡಿ ಥರದ ಉತ್ತೇಜಕಗಳ ಚಟಕ್ಕೆ ಅಂಥ ಒಪ್ಪಿತ ಔಷಧಿ ಒಂದೂ ಇಲ್ಲ. ಇದ್ದುದರಲ್ಲಿ ಚೆನ್ನಾಗಿ ಕೆಲಸ ಮಾಡುವುದು ಯಾವುದು ಗೊತ್ತಾ? ಚೀಟಿ ಎತ್ತಿಸುವುದು. ನಮ್ಮ ಜಾತ್ರೆಯಲ್ಲಿ ಎತ್ತುತ್ತಾರಲ್ಲ, ಹಾಗೇ. ವಾರಕ್ಕೆರಡು ಸಲ ಮೂತ್ರ ಪರೀಕ್ಷೆ. ಶುದ್ಧ ಅಂತ ಬಂದರೆ ಡಬ್ಬಿಯಿಂದ ಚೀಟಿ ಎತ್ತಬೇಕು. ಅರ್ಧಕ್ಕರ್ಧ ಚೀಟಿಯಲ್ಲಿ 'ಭೇಷ್' ಅಂತ ಮಾತ್ರ ಇರುತ್ತದೆ. ಉಳಿದವು ಸಣ್ಣ ಬಹುಮಾನ, ಒಂದೆರಡು ದೊಡ್ಡದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2011ರಿಂದ ಇದು ನಡೆಯುತ್ತಿದೆ. 'ತಪ್ಪು ಮಾಡದೇ ಇದ್ದದ್ದಕ್ಕೆ ಬಹುಮಾನನಾ?' ಅಂತ ನಿಮ್ಮ ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಚೌಳು ಗದ್ದೆಗೆ ಮುಂದಿನ ವರ್ಷದ ಫಸಲಿನ ಆಸೆ ತೋರಿಸಿದರೆ ಆಗುವುದಿಲ್ಲ, ಇವತ್ತು ಸಂಜೆಗೆ ಒಂದು ಬೊಗಸೆ ನೀರು ಬೇಕು ಅಂತ ಅವರಿಗೆ ಹೇಳಿ. ಮೆಸ್ಸಿನ ಊಟದ ಕೂಪನ್ನು, ಮೊಬೈಲ್ ರೀಚಾರ್ಜು, ಒಂದು ತಿಂಗಳ ಬಸ್ ಪಾಸು. ಎರಡೂ ಜಿಲ್ಲೆ ಸೇರಿ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷ ಮಾಡಿ ನೋಡಿ. ಬ್ಯಾಂಡ್‌ಸೆಟ್ಟಿನ ದುಡ್ಡೂ ಸೇರಿಸಿಕೊಳ್ಳಿ. ಸಾಮಾನ್ಯ ಪರೀಕ್ಷಾ ಕಿಟ್ಟಿನಲ್ಲಿ ಎಂಡಿ ಸರಿಯಾಗಿ ಸಿಗುವುದಿಲ್ಲ, ಕಿಟ್ ಕೊಳ್ಳುವಾಗ ಅದನ್ನು ನೋಡಿಕೊಳ್ಳಿ.

ಕಾಲೇಜುಗಳಿಗೆ ಒಂದು ಸುತ್ತೋಲೆ ಬೇಕು. ಮಾರುವ ಹುಡುಗನಿಗೂ ತಗೊಳ್ಳುವ ಹುಡುಗನಿಗೂ ಒಂದೇ ಟಿಸಿ ಕೊಡಬೇಡಿ ಅಂತ. ಟಿಸಿ ತಗೊಂಡು ಮನೆಗೆ ಬಂದ ಹುಡುಗನಿಗೆ ಉಳಿಯುವುದು ಗೋಡೆ, ಫೋನು, ಮತ್ತು ಅದೇ ಗೆಳೆಯರು. ಪುಡಿ ಬಿಟ್ಟ ಮೊದಲ ವಾರಗಳಲ್ಲಿ ಮನಸ್ಸು ಎಷ್ಟು ಕುಸಿಯುತ್ತದೆ ಅಂದರೆ, ಸಾಯುವ ಯೋಚನೆ ಬರುವುದೂ ಉಂಟು. ಆ ವಾರಗಳಲ್ಲೇ ನಾವು ಹುಡುಗನನ್ನು ಹೊರಗೆ ಹಾಕುತ್ತೇವೆ. ನಮ್ಮ ತಮ್ಮ ಒಂದು ತಿಂಗಳು ಬಾಗಿಲ ಹತ್ತಿರವೇ ಚಾಪೆ ಹಾಸಿ ಮಲಗಿದ್ದ.

ಹುಡುಗ ಈಗ ಹೇಗಿದ್ದಾನೆ ಅಂತ ಕೇಳುತ್ತೀರಿ. ಹದಿನಾಲ್ಕು ತಿಂಗಳಾಯಿತು. ನಡುವೆ ಎರಡು ಸಲ ಜಾರಿದ, ಎರಡು ಸಲವೂ ತಾನೇ ಬಂದು ಹೇಳಿದ. ಮಂಡ್ಯದಲ್ಲೇ ಒಂದು ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗುತ್ತಿದ್ದಾನೆ. ಮೈಸೂರಿಗೆ ಹೋಗಬೇಕಾದರೆ ಬಸ್ಸಿನಲ್ಲಿ ಹೋಗುತ್ತಾನೆ, ರೈಲು ಹತ್ತುವುದಿಲ್ಲ.

ಮುಂದಿನ ಜೂನ್ 26ಕ್ಕೆ ಜಾಥಾ ಬೇಡ ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಮುಂಚೆ ಎರಡೂ ಜಿಲ್ಲೆಯ ಪ್ರತಿ ಪಿಯು, ಡಿಗ್ರಿ ಕಾಲೇಜಿನಲ್ಲಿ ಒಂದು ಪೀರಿಯಡ್ಡು ಬಿಡಿಸಿಕೊಡಿ. ಮೊದಲ ಸಲ ಚೆನ್ನಾಗೇ ಇರುತ್ತದೆ ಅನ್ನುವುದರಿಂದ ಶುರು ಮಾಡಬೇಕು. ಮುಟ್ಟಿದವರೆಲ್ಲರಿಗೂ ಚಟ ಹತ್ತುವುದಿಲ್ಲ, ಯಾರಿಗೆ ಹತ್ತುತ್ತದೆ ಅಂತ ಮೊದಲೇ ಹೇಳಲು ಆಗುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕೊನೆಯ ಹದಿನೈದು ನಿಮಿಷ ಮಕ್ಕಳ ಪ್ರಶ್ನೆಗೆ ಬಿಡಬೇಕು. ಆ ಹೊತ್ತಿಗೆ ಪೊಲೀಸರು, ಪ್ರಾಂಶುಪಾಲರು ಹೊರಗಿರಬೇಕು. ಪಾಠ ಮಾಡಲು ನಮ್ಮಂಥ ನಿವೃತ್ತ ಮೇಷ್ಟ್ರುಗಳು ಎರಡೂ ಊರಿನಲ್ಲಿ ಬೇಕಾದಷ್ಟು ಜನ ಇದ್ದೇವೆ, ಬೆಳಗ್ಗೆ ವಾಕಿಂಗ್ ಮಾಡಿ ಪೇಪರ್ ಓದಿದ ಮೇಲೆ ನಮಗೆ ಕೆಲಸ ಇಲ್ಲ. ಗೌರವಧನ ಬೇಡ, ಶಾಲು ಹಾರವೂ ಬೇಡ. ಗದ್ದೆ, ತೂಬು, ಬಸಿಗಾಲುವೆಯ ಚಿತ್ರ ನಾನೇ ಬರೆದುಕೊಳ್ಳುತ್ತೇನೆ. ಒಂದು ಬೋರ್ಡು, ಎರಡು ಬಣ್ಣದ ಸೀಮೆಸುಣ್ಣ ಇದ್ದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ
ಮಂಡ್ಯ